ಪೆಟ್ಟು ತಿಂದವನ ಹೆಸರು ಕೇಳುವ ಮೊದಲು

ನಾವು ಬರೆದ ಮನವಿ ಒಂದೇ ಹಾಳೆಯದು. ಮೊದಲು ಅದರಲ್ಲಿ ಮೂರು ಮಾತು ಮಾತ್ರ ಇದ್ದವು. ಬೀದರ್ ಜಿಲ್ಲೆಯ ಪ್ರತಿ ಪೊಲೀಸ್ ಠಾಣೆಯಲ್ಲೂ ಸುಪ್ರೀಂ ಕೋರ್ಟ್ ಹೇಳಿದ ಹಾಗೆ ಸಿಸಿಟಿವಿ ಕ್ಯಾಮೆರಾ ಚಾಲೂ ಇರಬೇಕು, ಅದರ ದೃಶ್ಯ ಬೇಕಾದವರು ಯಾರನ್ನು ಕೇಳಬೇಕೆಂದು ಗೋಡೆಯ ಮೇಲೆ ಕನ್ನಡ, ಉರ್ದು, ಮರಾಠಿಯಲ್ಲಿ ಬರೆದಿರಬೇಕು. ಪೊಲೀಸರ ಮೇಲಿನ ದೂರು ಕೇಳುವ ಜಿಲ್ಲಾ ಪ್ರಾಧಿಕಾರ ತಿಂಗಳಿಗೊಮ್ಮೆ ಬೀದರಿನಲ್ಲೇ ಕೂತು ವಿಚಾರಣೆ ಮಾಡಬೇಕು. ಠಾಣೆಗೆ ಬಂದ ಪಿಎಸ್‌ಐಯನ್ನು ತಪ್ಪು ಮಾಡದ ಹೊರತು ಎರಡು ವರ್ಷ ಯಾರ ಪತ್ರಕ್ಕೂ ಎತ್ತಬಾರದು.

ಈ ಹಾಳೆ ಹಿಡಿದು ಅಷ್ಟೂರದಿಂದ ಶುರು ಮಾಡಿ ಬೀದರ್ ಶಹರ, ಭಾಲ್ಕಿ, ಔರಾದ್ ತಿರುಗಿದೆವು. ಸಹಿ ಹಾಕಿದವರಿದ್ದಾರೆ, ಹಾಕದವರು ಅವರಿಗಿಂತ ಹೆಚ್ಚು. ಹಾಳೆಯನ್ನು ಪೂರ್ತಿ ಓದಿ ಬೇಡವೆಂದವರು ಬಹಳ ಕಡಿಮೆ. ಹೆಚ್ಚಿನವರು ಮೊದಲು ಕೇಳಿದ್ದು, "ಇದನ್ನ ಯಾರು ಮಾಡಸ್ಲಿಕತ್ತಾರ್ರಿ?" ನಮ್ಮ ಜೊತೆಗಿದ್ದ ಮುಸ್ಲಿಂ ಹುಡುಗ ಹಾಳೆ ಮುಂದೆ ಚಾಚಿದರೆ ಒಂದು ಓಣಿಯಲ್ಲಿ ಒಂದು ಉತ್ತರ ಬರುತ್ತಿತ್ತು, ಅದೇ ಓಣಿಯಲ್ಲಿ ನಾನು ಚಾಚಿದರೆ ಬೇರೆ ಉತ್ತರ. ಹಾಳೆ ಬದಲಾಗಿರಲಿಲ್ಲ.

ಬೇಡವೆಂದವರು ಯಾರೂ ನನಗೆ ವೈರಿಗಳಲ್ಲ. ಹೊಲದ ಬದುವಿಗೆ ಬದು ಹಚ್ಚಿದವರು, ಮದುವೆಗೆ ಕರೆಯುವವರು. ಅದಕ್ಕೇ ಯಾರ ಹೆಸರನ್ನೂ ಹೇಳದೆ ಅವರ ಮಾತಿಗೆ ಮಾತು ಇಟ್ಟು ಉತ್ತರ ಬರೆಯುತ್ತಿದ್ದೇನೆ. ನಾನು ಯಾರು ಎಂಬುದು ಓದುವವರಿಗೆ ಮೊದಲೇ ಗೊತ್ತಿರಲಿ. ಲಿಂಗಾಯತ ಮನೆಯಲ್ಲಿ ಹುಟ್ಟಿದವನು, ಅಷ್ಟೂರದಲ್ಲಿ ಐದು ಎಕರೆಯಲ್ಲಿ ತೊಗರಿ, ಸೋಯಾ ಬೆಳೆಯುವವನು.

"ಇದು ಅವರ ವಿಷಯ ಅದರಿ, ನಮಗ್ಯಾಕ ಬೇಕು?" ಎಂದವರು ನಮ್ಮ ಓಣಿಯವರೇ. ಅವರು ಎಂದರೆ ಮುಸ್ಲಿಮರು. ಪೊಲೀಸರನ್ನು ಪ್ರಶ್ನೆ ಮಾಡುವ ಕಾಗದ ಎಂದ ಕೂಡಲೇ ಅದು ಅವರ ಪರವಾದದ್ದು, ನಮ್ಮ ವಿರುದ್ಧವಾದದ್ದು ಎಂಬ ಲೆಕ್ಕ.

2024ರ ಡಿಸೆಂಬರ್ 10ನ್ನು ನೆನೆಸಿಕೊಳ್ಳಲು ಅವರನ್ನು ಕೇಳುತ್ತೇನೆ. ನಮ್ಮ ಲಿಂಗಾಯತರೊಳಗಿನ ಪಂಚಮಸಾಲಿಗಳ ಮೀಸಲಾತಿಗಾಗಿ ಬೆಳಗಾವಿಯ ಸುವರ್ಣ ವಿಧಾನಸೌಧದ ಕಡೆ ಹೊರಟವರ ಮೇಲೆ ಲಾಠಿ ಬಿತ್ತು. ಅವತ್ತು ಸಂಜೆ ನಮ್ಮೂರ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಆ ವಿಡಿಯೊವನ್ನು ಮತ್ತೆ ಮತ್ತೆ ಹಚ್ಚಿ ನೋಡಿದವರಲ್ಲಿ ನಾನೂ ಇದ್ದೆ. "ಓಡಿ ಹೋಗೋರಿಗೆ ಹಿಂದಿಂದ ಹೊಡ್ಯಾಕತ್ತಾರ ನೋಡ್ರಿ, ಇದೇನ್ ಪೊಲೀಸಗಿರಿ?" ಎಂದು ಕೆಂಡವಾದವರು ಯಾರು? ಈಗ ಇದು ಅವರ ವಿಷಯ ಎನ್ನುತ್ತಿರುವವರೇ. ಒಂಬತ್ತು ದಿನ ಕಳೆದ ಮೇಲೆ, ಡಿಸೆಂಬರ್ 19ರಂದು, ಅದೇ ಸುವರ್ಣಸೌಧದಿಂದ ಬಿಜೆಪಿಯ ವಿಧಾನ ಪರಿಷತ್ ಸದಸ್ಯ ಸಿ.ಟಿ. ರವಿ ಅವರನ್ನು ಪೊಲೀಸರು ಬಂಧಿಸಿದರು. ತಲೆಗೆ ಗಾಯವಾದ ಮನುಷ್ಯನನ್ನು ರಾತ್ರಿಯಿಡೀ ಊರಿಂದ ಊರಿಗೆ ವಾಹನದಲ್ಲಿ ಸುತ್ತಿಸಿದರು. ಮರುದಿನ ಹೈಕೋರ್ಟ್ ಬಿಡುಗಡೆಗೆ ಆದೇಶ ಕೊಟ್ಟಿತು. ಆಗ ನಮ್ಮ ಶಹರದಲ್ಲಿ ಬಂಧನದ ನಿಯಮಗಳ ಬಗ್ಗೆ ವಕೀಲರಷ್ಟೇ ಚೆನ್ನಾಗಿ ಮಾತಾಡಿದವರನ್ನು ನಾನು ಬಲ್ಲೆ. ನೋಟಿಸ್ ಎಲ್ಲಿ, ಮನೆಯವರಿಗೆ ತಿಳಿಸಿದರೇ, ಯಾವ ಠಾಣೆಯಲ್ಲಿ ಇಟ್ಟಿದ್ದಾರೆ ಎಂದು ಅವರು ಕೇಳಿದ್ದರು. ಒಂದೊಂದು ಪ್ರಶ್ನೆಯೂ ಸರಿಯಾಗಿತ್ತು.

ಅದಕ್ಕೆ ಐದು ವರ್ಷ ಮೊದಲೂ ಅವೇ ಪ್ರಶ್ನೆಗಳಿದ್ದವು. 2020ರ ಜನವರಿ 21ರಂದು ಬೀದರಿನ ಶಾಹೀನ್ ಶಾಲೆಯಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಒಂದು ನಾಟಕ ಆಡಿದರು. ರಾಜದ್ರೋಹದ ಕೇಸು ಬಿತ್ತು. ಮುಖ್ಯಶಿಕ್ಷಕಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಜನವರಿ 30ರಂದು ಬಂಧಿಸಿದರು. ಎರಡು ವಾರ ಜೈಲು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಹೋಗಿ ಆ ಸಣ್ಣ ಮಕ್ಕಳನ್ನು ವಿಚಾರಿಸಿದರು, ಕೆಲವರು ಸಮವಸ್ತ್ರದಲ್ಲೇ. ಮಕ್ಕಳ ಮುಂದೆ ಖಾಕಿ ಹಾಕಿ ಕೂರಬಾರದು ಎಂಬುದು ಬಾಲನ್ಯಾಯ ಕಾಯ್ದೆಯ ನಿಯಮ. 2021ರಲ್ಲಿ ಹೈಕೋರ್ಟ್ ಆ ಕಾಯ್ದೆ ಮೇಲ್ನೋಟಕ್ಕೇ ಉಲ್ಲಂಘನೆಯಾಗಿದೆ ಎಂದಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಶಾಲೆಯ ಆಡಳಿತದವರ ಮೇಲಿನ ರಾಜದ್ರೋಹದ ಕೇಸನ್ನೇ ರದ್ದು ಮಾಡಿತು. ನಾಟಕದಲ್ಲಿ ಪ್ರಧಾನಿಯ ಬಗ್ಗೆ ಆಡಿಸಿದ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದು ಎಂದೂ ಅದೇ ಪೀಠ ಹೇಳಿತು. ಆ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಆ ಎರಡು ವಾರ ನಮ್ಮ ಕಟ್ಟೆಯ ಮೇಲೆ ನೋಟಿಸ್ ಎಲ್ಲಿ ಎಂದು ಕೇಳಿದವರು ಯಾರೂ ಇರಲಿಲ್ಲ. "ನಾಟಕ ಆಡಿಸಿದವರು ಅನುಭವಿಸಲಿ" ಎಂದರು. ನಾನು ಎದುರು ಮಾತಾಡಲಿಲ್ಲ. ಆ ಮೌನ ಇವತ್ತಿಗೂ ನನ್ನ ಮೇಲಿನ ಸಾಲ.

ಇನ್ನೊಂದು ಕಡೆಯವರೂ ಹೀಗೆಯೇ ಇದ್ದರು. ರವಿ ಅವರನ್ನು ರಾತ್ರಿಯಿಡೀ ಸುತ್ತಿಸಿದ್ದನ್ನು ಕೇಳಿ ಬೀದರಿನ ಚಹಾದಂಗಡಿಗಳಲ್ಲಿ ನಕ್ಕವರಿದ್ದಾರೆ. 2020ರಲ್ಲಿ ಅತ್ತವರೇ 2024ರಲ್ಲಿ ನಕ್ಕರು. ನಮ್ಮ ಜಿಲ್ಲೆಯಲ್ಲಿ ಪೊಲೀಸರ ಬಗ್ಗೆ ಎರಡು ಅಭಿಪ್ರಾಯಗಳಿವೆ ಎಂದು ಹೇಳುವವರು ತಪ್ಪು ಹೇಳುತ್ತಾರೆ. ಇರುವುದು ಒಂದೇ ಅಭಿಪ್ರಾಯ: ನಮ್ಮವನಿಗೆ ಹೊಡೆದರೆ ದೌರ್ಜನ್ಯ, ಅವರವನಿಗೆ ಹೊಡೆದರೆ ಕಾನೂನು. ಅದನ್ನು ಎರಡೂ ಕಡೆಯವರು ಸರದಿ ಮೇಲೆ ಆಡುತ್ತಾರೆ.

ನಮ್ಮೂರಿನ ಹಿರಿಯರೊಬ್ಬರ ಆಕ್ಷೇಪ ಬೇರೆ ಥರದ್ದು. ಅವರು ಸಿಟ್ಟಾಗಲಿಲ್ಲ, ನೊಂದುಕೊಂಡರು. "ಅಷ್ಟೂರದಾಗ ಇಂಥಾದ್ದೆಲ್ಲಾ ಎಲ್ಲದ ಅಪ್ಪಾ? ಸುಮ್ಮ ಕೆದಕಬ್ಯಾಡ." ಕಾಕಾನ ಮಾತಿನಲ್ಲಿ ಅರ್ಧ ಸತ್ಯವಿದೆ. ನಮ್ಮೂರ ಗುಮ್ಮಟದಲ್ಲಿ ಮಲಗಿರುವ ಬಹಮನಿ ಸುಲ್ತಾನ ಅಹ್ಮದ್ ಶಾಹ ತೀರಿಕೊಂಡು ಆರು ಶತಮಾನ ಆಗುತ್ತ ಬಂತು. ಮುಸ್ಲಿಮರಿಗೆ ಆತ ವಲಿ, ನಮ್ಮವರಿಗೆ ಅಲ್ಲಮಪ್ರಭು. ಹೋಳಿ ಹುಣ್ಣಿಮೆ ಕಳೆದ ಮೇಲೆ ಕಲಬುರಗಿ ಸೀಮೆಯಿಂದ ಜಂಗಮರು ನಡೆದು ಬರುತ್ತಾರೆ, ಗುಮ್ಮಟದಲ್ಲಿ ಶಂಖ ಊದುತ್ತಾರೆ, ಉರುಸು ಶುರುವಾಗುತ್ತದೆ. ನಾನು ಚಿಕ್ಕಂದಿನಿಂದ ಅಲ್ಲಿ ಬೆಂಡು ಬತ್ತಾಸು ತಿಂದು ಬೆಳೆದವನು. ಆದರೆ ಕಾಕಾ, ಅಲ್ಲಿ ಜಗಳವಾಗದೆ ಇರುವುದು ನಾವೆಲ್ಲ ಒಳ್ಳೆಯವರು ಎಂಬ ಕಾರಣಕ್ಕಲ್ಲ. ಯಾರು ಮೊದಲು ಒಳಗೆ ಹೋಗಬೇಕು, ಯಾರು ಆಮೇಲೆ ಎಂಬುದು ನಮ್ಮ ಅಜ್ಜಂದಿರಿಗಿಂತ ಮೊದಲೇ ಗೊತ್ತಾದ ಪದ್ಧತಿ. ಆ ವರ್ಷ ಯಾರ ಮಂದಿ ಹೆಚ್ಚು ಬಂದಿದ್ದಾರೆ ಎಂದು ನೋಡಿ ಅದನ್ನು ಬದಲಿಸುವುದಿಲ್ಲ. ಮೂರು ಕಿಲೋಮೀಟರ್ ಆಚೆ ಶಹರದ ಮಹಮೂದ್ ಗವಾನ್ ಮದರಸಾದಲ್ಲಿ 2022ರ ದಸರಾ ರಾತ್ರಿ ಏನಾಯಿತು ನೋಡಿ. ಅಲ್ಲೂ ನಾಲ್ಕಾರು ಮಂದಿ ಹೋಗಿ ಪೂಜೆ ಮಾಡಿ ಬರುವ ರೂಢಿ ಇತ್ತು ಎನ್ನುತ್ತಾರೆ. ಅವತ್ತು ದೊಡ್ಡ ಗುಂಪು ನುಗ್ಗಿತು, ಬೀಗ ಮುರಿದ ಮಾತು ಬಂತು, ಒಂಬತ್ತು ಜನರ ಮೇಲೆ ಎಫ್‌ಐಆರ್ ಆಯಿತು. ಪದ್ಧತಿ ಅಳಿಸಿ ಮಂದಿಯ ಲೆಕ್ಕ ಶುರುವಾದ ದಿನ ಸೌಹಾರ್ದವೂ ಮುಗಿಯುತ್ತದೆ. ನಮ್ಮ ಹಾಳೆ ಕೇಳುತ್ತಿರುವುದು ಠಾಣೆಗೂ ಅಂಥದೊಂದು ಪದ್ಧತಿಯನ್ನು.

"ಪೊಲೀಸರ ಕೈ ಕಟ್ಟಿದ್ರ ನಾಳಿ ಊರು ಯಾರು ಕಾಯ್ತಾರ?" ಇದು ಎಲ್ಲ ಓಣಿಗಳಲ್ಲೂ ಕೇಳಿದ ಮಾತು. ಇದಕ್ಕೆ ಉತ್ತರ ಕೊಡಲು ಔರಾದ್ ಸೀಮೆಗೆ ಹೋಗಬೇಕು.

2018ರ ಜುಲೈ 13. ಹೈದರಾಬಾದಿನ ಕಡೆಯಿಂದ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ವಾಟ್ಸಾಪಿನಲ್ಲಿ ಅವರ ಚಿತ್ರ ಓಡಾಡಿತು. ಅವರ ಕಾರಿಗಿಂತ ಸುದ್ದಿ ಮುಂದೆ ಓಡಿತು. ಮುರ್ಕಿಯಲ್ಲಿ ಜನ ಅಡ್ಡಗಟ್ಟಿದರು, ಕಾರು ಪಲ್ಟಿಯಾಯಿತು. ಒಬ್ಬ ಯುವಕ, ಸಾಫ್ಟ್‌ವೇರ್ ಕೆಲಸದವನು, ಅಲ್ಲೇ ಸತ್ತ. ಉಳಿದವರು ಬದುಕಿದ್ದು ಬೆರಳೆಣಿಕೆಯ ಪೊಲೀಸರು ಆ ಗುಂಪಿನ ನಡುವೆ ನಿಂತದ್ದಕ್ಕೆ. ಕಲ್ಲು, ಬಡಿಗೆ ಅವರಿಗೂ ಬಿದ್ದವು, ಅವರೂ ಆಸ್ಪತ್ರೆ ಸೇರಿದರು. ನನ್ನ ಮಟ್ಟಿಗೆ ಬೀದರ್ ಜಿಲ್ಲೆಯ ಪೊಲೀಸರು ಎಂದರೆ ಆ ಸಂಜೆ ನಿಂತವರು. ಸುಧಾರಣೆ ಬೇಕು ಎನ್ನುವವರೆಲ್ಲ ಪೊಲೀಸರ ವೈರಿಗಳು ಎಂದು ಯಾರಾದರೂ ಹೇಳಿದರೆ ನಾನು ಮುರ್ಕಿಯ ಹೆಸರು ಹೇಳುತ್ತೇನೆ.

ಅವರ ಕೈ ಕಟ್ಟಿದ್ದು ಯಾವ ಕ್ಯಾಮೆರಾ, ಯಾವ ಪ್ರಾಧಿಕಾರ? ಯಾವುದೂ ಅಲ್ಲ. ನೂರಾರು ಜನರ ಮುಂದೆ ಅವರು ಕೆಲವೇ ಮಂದಿ ಇದ್ದರು, ಅದು ಕೈ ಕಟ್ಟಿತು. ಹಳ್ಳಿಯಲ್ಲಿ ಯಾರ ಮಾತು ನಡೆಯುತ್ತದೆ, ಗಾಳಿಸುದ್ದಿ ಎದ್ದಾಗ ಯಾರಿಗೆ ಫೋನ್ ಮಾಡಬೇಕು ಎಂದು ತಿಳಿಯಲು ಒಬ್ಬ ಪಿಎಸ್‌ಐಗೆ ಒಂದು ಮಳೆಗಾಲ, ಒಂದು ಬೇಸಿಗೆಯಾದರೂ ಬೇಕು. ಅಷ್ಟರಲ್ಲಿ ಬದಲಿ ಆದೇಶ ಬಂದರೆ ಅವನ ಡೈರಿಯಲ್ಲಿ ಬರೆದ ನಂಬರುಗಳು ಅವನ ಜೊತೆಗೇ ಹೋಗುತ್ತವೆ. ನಮ್ಮ ಮೂರನೆಯ ಬೇಡಿಕೆ ಅವನ ಪರವಾದದ್ದು.

ಮನೋಬಲದ ಮಾತು ಎತ್ತುವವರು 2016ನ್ನು ಮರೆಯಬಾರದು. ಆ ವರ್ಷ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುವ ಕರೆ ಬಂತು. ಸಂಬಳ ಸಾಲದು, ವಾರದ ರಜೆ ಇಲ್ಲ, ಮೇಲಿನವರ ಮನೆಗೆಲಸ ತಪ್ಪಿಲ್ಲ ಎಂಬುದು ಅವರ ಗೋಳು. ಕರೆ ಕೊಟ್ಟ ಮುಖಂಡನ ಮೇಲೆ ಹಾಕಿದ ಕೇಸು ಯಾವುದು? ರಾಜದ್ರೋಹ. ನಾಲ್ಕು ವರ್ಷ ಆದ ಮೇಲೆ ನಮ್ಮ ಶಹರದ ಶಾಲೆಯ ಮೇಲೆ ಹಾಕಿದ್ದು ಅದೇ ರಾಜದ್ರೋಹದ ಕಲಮು, 124ಎ. ಕಾನ್‌ಸ್ಟೆಬಲ್‌ಗಳ ಪರ ಮಾತಾಡಿದವನನ್ನೂ ಮುಖ್ಯಶಿಕ್ಷಕಿಯನ್ನೂ ಒಂದೇ ಕಲಮು ಒಳಗೆ ಹಾಕಿತು ಎಂಬುದನ್ನು ನಾನು ಭಾಲ್ಕಿಯಲ್ಲಿ ಒಬ್ಬ ಕಾನ್‌ಸ್ಟೆಬಲ್‌ಗೆ ಹೇಳಿದಾಗ ಆತ ಬಹಳ ಹೊತ್ತು ಮಾತಾಡಲಿಲ್ಲ. ರಾಘವೇಂದ್ರ ಔರಾದ್ಕರ್ ಸಮಿತಿ ಅದೇ 2016ರಲ್ಲಿ ಪೊಲೀಸರ ಸಂಬಳದ ಬಗ್ಗೆ ವರದಿ ಕೊಟ್ಟಿತು, ಅದು ಜಾರಿಯಾಗಲು 2019 ಆಯಿತು. ಆ ಕಾನ್‌ಸ್ಟೆಬಲ್ ನೌಕರಿಯ ನಿಯಮದಿಂದಾಗಿ ನಮ್ಮ ಹಾಳೆಗೆ ಸಹಿ ಹಾಕುವ ಹಾಗಿರಲಿಲ್ಲ. ಅವನ ಅವ್ವ ಒಳಗಿಂದ ಸೆರಗಿಗೆ ಕೈ ಒರೆಸಿಕೊಂಡು ಬಂದು, "ಠಾಣೇದಾಗ ನನ್ ಮಗನ್ನ ಬೈಯೋದೂ ಕ್ಯಾಮೆರಾದಾಗ ಬರ್ತದೇನ್ರಿ?" ಎಂದು ಕೇಳಿದರು. ಬರುತ್ತದೆ ಅವ್ವಾ, ಧ್ವನಿಯೂ ಸೇರಿ ಎಂದೆ. ಸುಪ್ರೀಂ ಕೋರ್ಟಿನ 2020ರ ಡಿಸೆಂಬರ್ 2ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನಲ್ಲಿ ಚಿತ್ರದ ಜೊತೆ ಧ್ವನಿಯೂ ಇರಬೇಕು, ಲಾಕಪ್ಪು, ಪಡಸಾಲೆ, ಬಾಗಿಲು ಎಲ್ಲ ಕಾಣಬೇಕು, ಒಂದೂವರೆ ವರ್ಷದ ದೃಶ್ಯ ಇಟ್ಟಿರಬೇಕು ಎಂದಿದೆ. ಅವ್ವ ಹೆಬ್ಬೆಟ್ಟು ಒತ್ತಿದರು.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಹೇಳಿದವರು ಎರಡು ಕಡೆಯವರೂ ಇದ್ದಾರೆ, ಹೇಳಿದ್ದು ಒಂದೇ ವಾಕ್ಯ: "ಪೊಲೀಸ್ ಆ್ಯಕ್ಷನ್ ಮರ್ತೀರೇನು?"

ಬೆಂಗಳೂರಿನವರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಪೊಲೀಸ್ ಎಂಬ ಶಬ್ದವೇ 1948ರ ಗಾಯದೊಳಗೆ ಸಿಕ್ಕಿಕೊಂಡಿದೆ. ಆ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ನಿಜಾಮನ ರಾಜ್ಯದೊಳಗೆ ಬಂತು. ಬಂದದ್ದು ಸೈನ್ಯವಾದರೂ ಹೆಸರು ಮಾತ್ರ ಪೊಲೀಸ್ ಕಾರ್ಯಾಚರಣೆ. ನನ್ನ ಅಜ್ಜಿ ಅದನ್ನು ಬಿಡುಗಡೆ ಎಂದೇ ಹೇಳುತ್ತಿದ್ದಳು. ನಿಜಾಮನ ಪರ ನಿಂತ ರಜಾಕಾರರು ಬರುತ್ತಾರೆ ಎಂದು ಜೋಳದ ಹಗೇವಿನಲ್ಲಿ ಮಕ್ಕಳನ್ನು ಬಚ್ಚಿಟ್ಟ ರಾತ್ರಿಗಳ ಕಥೆ ಅವಳದು. ಬಸವಕಲ್ಯಾಣದ ಕಡೆಯ ಗೋರ್ಟಾದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ನಮ್ಮ ಮನೆಗಳಲ್ಲಿ ಇನ್ನೂ ಬಿಸಿ ಆರದ ಮಾತು. ನನ್ನ ಗೆಳೆಯನ ಅಜ್ಜಿ, ಬೀದರಿನ ಹಳೇ ಶಹರದವಳು, ಅದೇ ಶಬ್ದ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದಳಂತೆ. ಸೈನ್ಯ ಬಂದ ಮೇಲಿನ ವಾರಗಳಲ್ಲಿ ಮುಸ್ಲಿಮರ ಮೇಲೆ ಏನು ನಡೆಯಿತು ಎಂದು ನೋಡಿ ಬರಲು ನೆಹರೂ ಸರ್ಕಾರವೇ ಪಂಡಿತ್ ಸುಂದರಲಾಲ್ ಅವರನ್ನು ಕಳಿಸಿತು. ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲೇ ಅತಿ ಹೆಚ್ಚು ಸಾವು ಎಂದು ಅವರ ತಂಡ ಬರೆಯಿತು. ಇಡೀ ಸಂಸ್ಥಾನದ್ದು 27 ಸಾವಿರದಿಂದ 40 ಸಾವಿರ ಎಂಬುದು ಅವರ ಅಂದಾಜು. ಆ ವರದಿ ಸಾರ್ವಜನಿಕರ ಕೈಗೆ ಬಂದದ್ದು 2013ರಲ್ಲಿ.

ಹೀಗಿರುವಾಗ ಆ ಬಿಡುಗಡೆಯ ನೆನಪಿಗೆ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುವಾಗ ಒಂದೇ ಮೈದಾನದಲ್ಲಿ ಎರಡು ನೆನಪುಗಳು ನಿಂತಿರುತ್ತವೆ. ಎರಡೂ ನಿಜ. ಒಂದು ನೆನಪಿನವರು ಖಾಕಿಯನ್ನು ಕಂಡರೆ ಬಂದು ಕಾಪಾಡಿದವರು ಎಂದುಕೊಳ್ಳುತ್ತಾರೆ. ಇನ್ನೊಂದು ನೆನಪಿನವರಿಗೆ ಕಾಪಾಡದೆ ನಿಂತವರು ನೆನಪಾಗುತ್ತಾರೆ. ಇದನ್ನು ಮರೆಯಿರಿ ಎಂದು ಯಾರಿಗೂ ಹೇಳಲು ನನಗೆ ಹಕ್ಕಿಲ್ಲ. ಆದರೆ ಗೋರ್ಟಾದವರ ನೋವೂ ಹಳೇ ಶಹರದವರ ನೋವೂ ಒಂದೇ ಕಡೆ ಬೆರಳು ಮಾಡುತ್ತವೆ. ಗುಂಪು ಬಂದ ದಿನ, ಯಾರ ಗುಂಪು ಎಂದು ನೋಡದೆ ಅಡ್ಡ ನಿಲ್ಲುವ ಸರ್ಕಾರದ ಕೈ ಅಲ್ಲಿರಲಿಲ್ಲ. ನಿಜಾಮನ ಆಡಳಿತ ರಜಾಕಾರರನ್ನು ತಡೆಯಲಿಲ್ಲ, ಆಮೇಲೆ ಬಂದವರು ಸೇಡಿನ ಗುಂಪನ್ನು ಎಲ್ಲ ಕಡೆ ತಡೆಯಲಿಲ್ಲ. 1948 ನೆನಪಿರುವವರೇ ಈ ಹಾಳೆಗೆ ಮೊದಲು ಸಹಿ ಹಾಕಬೇಕಿತ್ತು ಎಂದು ನಾನು ಎರಡೂ ಓಣಿಗಳಲ್ಲಿ ಹೇಳಿದೆ. ಹಳೇ ಶಹರದಲ್ಲಿ ಇಬ್ಬರು ಹಾಕಿದರು. ಗೋರ್ಟಾ ಕಡೆಯ ಒಬ್ಬರು ಹಾಳೆಯನ್ನು ಮನೆಗೆ ಒಯ್ದಿದ್ದಾರೆ, ಇನ್ನೂ ಕೊಟ್ಟಿಲ್ಲ.

ಮುಸ್ಲಿಂ ಗೆಳೆಯರ ಆಕ್ಷೇಪ ಬೇರೆ. "ಭಾಯಿ, ಗೋಡಿಗೆ ಕ್ಯಾಮೆರಾ ಹಚ್ಚಿದ್ರ ಏನಾಗ್ತದ? ಒಳಗ ನಮ್ಮವ್ರೇ ಇಲ್ಲಲ್ಲ." ಇದನ್ನು ಹಗುರಾಗಿ ತಳ್ಳಿಹಾಕಲಾರೆ. ಕಾಮನ್ ಕಾಸ್ ಮತ್ತು ಲೋಕನೀತಿಯವರು 2019ರಲ್ಲಿ ದೇಶದ ಸುಮಾರು 12,000 ಪೊಲೀಸರನ್ನೇ ಮಾತಾಡಿಸಿ ಬರೆದ ವರದಿಯಿದೆ. ಮುಸ್ಲಿಮರು ಸ್ವಭಾವದಿಂದಲೇ ಅಪರಾಧದ ಕಡೆ ವಾಲುವವರು ಎಂದು ಸ್ವಲ್ಪವಾದರೂ ನಂಬುವವರು ಅವರಲ್ಲಿ ಅರ್ಧದಷ್ಟು ಇದ್ದರು. ಅಂಥ ನಂಬಿಕೆ ಹೊತ್ತ ಕೈಗೆ ಕ್ಯಾಮೆರಾ ಒಂದೇ ಮದ್ದಲ್ಲ. ನೇಮಕಾತಿಯೂ ಬದಲಾಗಬೇಕು, ಒಪ್ಪುತ್ತೇನೆ.

ಉತ್ತರ ಐರ್ಲೆಂಡ್ ಇದನ್ನು ಮಾಡಿ ನೋಡಿದೆ. ಅಲ್ಲಿನ ಪೊಲೀಸ್ ಪಡೆಯಲ್ಲಿ ಆಗ ಅಲ್ಪಸಂಖ್ಯಾತರಾಗಿದ್ದ ಕ್ಯಾಥೊಲಿಕರು ನೂರಕ್ಕೆ ಎಂಟರಷ್ಟು ಮಾತ್ರ ಇದ್ದರು. 1999ರ ಪ್ಯಾಟನ್ ಆಯೋಗದ ವರದಿಯ ಮೇಲೆ 2001ರಲ್ಲಿ ಪಡೆಯ ಹೆಸರನ್ನೇ ಬದಲಿಸಿದರು. ಹೊಸ ಭರ್ತಿಯಲ್ಲಿ ಅರ್ಧ ಕ್ಯಾಥೊಲಿಕರು, ಅರ್ಧ ಉಳಿದವರು. ಹತ್ತು ವರ್ಷದಲ್ಲಿ ಎಂಟು ಹೋಗಿ ಮೂವತ್ತರ ಹತ್ತಿರ ಬಂತು. ಪ್ರಾಟೆಸ್ಟೆಂಟರಿಗೆ ತಮ್ಮ ಪಡೆಯ ಹಳೇ ಹೆಸರು ಹೋದದ್ದು ಮನೆಯವರೊಬ್ಬರು ಹೋದಷ್ಟು ನೋವಾಯಿತು. ಆದರೆ ಗೆಳೆಯರು ಗಮನಿಸಬೇಕಾದದ್ದು ಇನ್ನೊಂದಿದೆ. ಭರ್ತಿ ಬದಲಾಗುವ ಮೊದಲೇ, 2000ದಲ್ಲಿ, ಅಲ್ಲಿ ಪೊಲೀಸರ ಮೇಲಿನ ದೂರನ್ನು ಪೊಲೀಸರಲ್ಲದವರು ತನಿಖೆ ಮಾಡುವ ಕಚೇರಿ ಬಾಗಿಲು ತೆರೆದಿತ್ತು. ನಮ್ಮವರು ಒಳಗೆ ಹೋಗಲಿ ಎಂದು ಅಲ್ಲಿಯವರು ಕಾಯಲಿಲ್ಲ.

ಬರೀ "ನಮ್ಮವರು" ಎಂಬುದರ ಮೇಲೆ ನನಗೆ ನಂಬಿಕೆ ಇಲ್ಲದ್ದಕ್ಕೆ ಕಾರಣ ನಮ್ಮ ಸಮಾಜವೇ. ನಮ್ಮ ಪೈಕಿ ಪಿಎಸ್‌ಐ ಬಂದ ಎಂದು ಪೇಟ ಸುತ್ತಿ ಮೆರವಣಿಗೆ ಮಾಡಿದ್ದನ್ನು ಕಂಡಿದ್ದೇನೆ. ಆತ ನಮ್ಮ ಪೈಕಿಯ ದೊಡ್ಡವರ ಮಾತು ಕೇಳಿದ, ನಮ್ಮ ಪೈಕಿಯ ಬಡವರು ಬೆಂಚಿನ ಮೇಲೇ ಕೂತರು.

ಇನ್ನು ಗುಂಪು ಠಾಣೆಯ ಮೇಲೇ ಬಿದ್ದ ಮಾತು, ದಾವಣಗೆರೆ ಜಿಲ್ಲೆಯ ಚನ್ನಗಿರಿ. 2024ರ ಮೇ ತಿಂಗಳಲ್ಲಿ ಪೊಲೀಸರ ವಶದಲ್ಲಿದ್ದ ಮುಸ್ಲಿಂ ಯುವಕ ಸತ್ತ, ರಾತ್ರಿ ಜನ ಠಾಣೆಗೆ ಕಲ್ಲು ಹೊಡೆದರು, ಪೊಲೀಸರು ಗಾಯಗೊಂಡರು. 2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಒಂದು ಫೇಸ್‌ಬುಕ್ ಬರಹಕ್ಕೆ ಠಾಣೆಗೇ ಬೆಂಕಿ ಬಿತ್ತು. ಇವನ್ನು ನನ್ನ ಮುಸ್ಲಿಂ ಗೆಳೆಯರು ಬಾಯಿಬಿಟ್ಟು ತಪ್ಪು ಎನ್ನಬೇಕು, ಹಾಗೆ ಅಂದವರು ನನ್ನ ಜೊತೆ ತಿರುಗಿದ್ದಾರೆ ಕೂಡ. ಆದರೆ ಚನ್ನಗಿರಿಯ ರಾತ್ರಿ ಲಾಕಪ್ಪಿನ ದೃಶ್ಯವನ್ನು ಮನೆಯವರಿಗೆ ತೋರಿಸುವ ನಿಯಮ ರೂಢಿಯಲ್ಲಿದ್ದಿದ್ದರೆ, ಅದನ್ನು ಪೊಲೀಸರಲ್ಲದ ಒಬ್ಬರು ತೋರಿಸುವಂತಿದ್ದರೆ, ಕಲ್ಲು ಎತ್ತಿದ ಕೈಗಳಲ್ಲಿ ಅರ್ಧವಾದರೂ ಕೆಳಗಿಳಿಯುತ್ತಿದ್ದವು ಎಂದು ನಾನು ನಂಬುತ್ತೇನೆ.

ಔರಾದ್ ತಾಲ್ಲೂಕಿನ ಒಂದು ದಲಿತ ಕೇರಿಯಲ್ಲಿ ನಾನು ಸೋತೆ. ಸೋತದ್ದು ಒಳ್ಳೆಯದೇ ಆಯಿತು. ಅಲ್ಲಿನ ಒಬ್ಬ ತರುಣ ಹಾಳೆ ಓದಿ ಮಡಚಿ ಕೈಗೆ ಕೊಟ್ಟ. "ಅಣ್ಣಾ, ನಿಮಗ ಪೊಲೀಸರು ಹೆಚ್ಚಿಗಿ ಕೆಲಸ ಮಾಡ್ತಾರ ಅಂತ ಚಿಂತಿ. ನಮಗ ಅವರು ಕೆಲಸಾನೇ ಮಾಡಂಗಿಲ್ಲ ಅಂತ ಚಿಂತಿ. ನಮ್ ಕೇಸಿನ ಎಫ್‌ಐಆರ್ ಬರೀಲಿಕ್ಕೇ ಮೂರ್ ದಿನ ಅಲಿಸ್ತಾರ." ಅವನು 2018ರ ಮಾರ್ಚ್ 20ನ್ನು ನೆನಪಿಸಿದ. ಅವತ್ತು ಸುಪ್ರೀಂ ಕೋರ್ಟ್ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಬಂಧನಕ್ಕೆ ಮೊದಲು ಅನುಮತಿ ಬೇಕು, ಪ್ರಾಥಮಿಕ ವಿಚಾರಣೆ ಮಾಡಬಹುದು ಎಂದಾಗ ನಮ್ಮವರು ಖುಷಿಪಟ್ಟಿದ್ದರು. ಬಂಧನಕ್ಕೆ ಮೊದಲು ಯೋಚಿಸಬೇಕು ಎಂಬ ತತ್ವ ಆಗ ನಮಗೆ ಬಹಳ ರುಚಿಸಿತ್ತು. ಏಪ್ರಿಲ್ 2ರಂದು ದಲಿತರು ಭಾರತ ಬಂದ್ ಮಾಡಿದರು, ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆಗೆ 18ಎ ಸೇರಿಸಿ ಅದನ್ನು ಮೊದಲಿನಂತೆ ಮಾಡಿತು. ಶಾಹೀನ್ ಶಾಲೆಯ ಕೇಸಿನಲ್ಲಿ ಅದೇ ತತ್ವವನ್ನು ನಮ್ಮವರು ನೆನೆಸಿಕೊಳ್ಳಲಿಲ್ಲ. ಆ ತರುಣನಿಗೆ ನಮ್ಮ ಮೇಲೆ ನಂಬಿಕೆ ಬರಲು ಯಾವ ಕಾರಣವನ್ನೂ ನಾವು ಕೊಟ್ಟಿರಲಿಲ್ಲ.

ನಾನು ಅವನಿಗೆ ಹೇಳಿದ್ದು ಒಂದೇ. ಅದೇ ಕಾಯ್ದೆಯ 15ಎ ಕಲಮಿನಲ್ಲಿ ಪ್ರಕರಣದ ನಡಾವಳಿಗಳೆಲ್ಲ ವಿಡಿಯೊ ಆಗಬೇಕು ಎಂದಿದೆ, ದೂರು ದಾಖಲಿಸದೆ ಕರ್ತವ್ಯ ಬಿಟ್ಟ ಅಧಿಕಾರಿಗೆ 4ನೇ ಕಲಮಿನಲ್ಲಿ ಜೈಲಿದೆ. ಅವನು ಮೂರು ದಿನ ಅಲೆದದ್ದು ಕ್ಯಾಮೆರಾದಲ್ಲಿ ಉಳಿದಿದ್ದರೆ 4ನೇ ಕಲಮಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನು ಇಸಿದುಕೊಂಡು, ಹಾಳೆಯ ಕೆಳಗೆ ತಾನೇ ಒಂದು ಸಾಲು ಬರೆದ. ದೂರು ಕೊಡಲು ಠಾಣೆಗೆ ಬಂದವರ ಹೆಸರು, ಬಂದ ಹೊತ್ತು ಬಾಗಿಲಲ್ಲೇ ದಾಖಲಾಗಬೇಕು, ಅದರ ಚೀಟಿ ಅವರ ಕೈಗೆ ಸಿಗಬೇಕು. ಈಗ ನಮ್ಮ ಮನವಿಯಲ್ಲಿ ನಾಲ್ಕು ಮಾತುಗಳಿವೆ. ನಾಲ್ಕನೆಯದು ಮೊದಲ ಮೂರಕ್ಕಿಂತ ಒಳ್ಳೆಯದು.

"ಕಾನೂನು ಮೊದಲೇ ಅದ, ಮತ್ಯಾಕ ಅರ್ಜಿ?" ಎಂದ ವಕೀಲರಿಗೆ ಚಿಕ್ಕ ಉತ್ತರ. ಹೌದು, ಇದೆ. ಪೊಲೀಸ್ ಸುಧಾರಣೆಗೆ ಸುಪ್ರೀಂ ಕೋರ್ಟ್ ಕೊಟ್ಟ ಪ್ರಕಾಶ್ ಸಿಂಗ್ ತೀರ್ಪು 2006ರ ಸೆಪ್ಟೆಂಬರ್ 22ರದು, ನಮ್ಮ ರಾಜ್ಯದ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಬಂದದ್ದು 2012ರಲ್ಲಿ. ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಲಿ ಎಂದು ಕೋರ್ಟ್ ಹೇಳಿತ್ತು. ನಮ್ಮ ಕಾಯ್ದೆ ಪ್ರಾದೇಶಿಕ ಆಯುಕ್ತರನ್ನು ಅಧ್ಯಕ್ಷರನ್ನಾಗಿ ಮಾಡಿ, ಎಸ್‌ಪಿಯನ್ನೇ ಸದಸ್ಯ ಕಾರ್ಯದರ್ಶಿಯಾಗಿ ಕೂರಿಸಿತು. ಆಯುಕ್ತರು ಇರುವುದು ನೂರು ಕಿಲೋಮೀಟರಿಗೂ ಆಚೆಯ ಕಲಬುರಗಿಯಲ್ಲಿ. ನಾವು ತಿರುಗಿದ ಊರುಗಳಲ್ಲಿ ಇಂಥದೊಂದು ಪ್ರಾಧಿಕಾರ ಇದೆ ಎಂದು ಬಲ್ಲವರು ನಮಗೆ ಸಿಕ್ಕದ್ದು ಒಬ್ಬರೇ, ಅವರೂ ಈ ವಕೀಲರೇ.

ಕೊನೆಗೆ, ನಗುತ್ತಲೇ ಹೇಳಿದವರ ಮಾತು: "ಇಷ್ಟೆಲ್ಲಾ ಯಾಕ್ರಿ, ಶಾಸಕರಿಗಿ ಒಂದ್ ಫೋನ್ ಹಚ್ಚಿದ್ರ ಆಯ್ತಲ್ಲ." ಅವರ ಫೋನ್ ಎತ್ತುವ ಶಾಸಕರು ಇರುವ ತನಕ ಅದು ಸರಿ. ನನ್ನ ಫೋನೂ ಒಮ್ಮೆ ಎತ್ತಿದ್ದರು, ಆ ಕಥೆ ಹೇಳಿಬಿಡುತ್ತೇನೆ.

ಆರು ವರ್ಷದ ಹಿಂದೆ ನಮ್ಮ ಬೋರಿನ ಮೋಟಾರು, ಕೇಬಲ್ ಸಮೇತ, ರಾತ್ರೋರಾತ್ರಿ ಕಳುವಾಯಿತು. ಠಾಣೆಗೆ ಹೋದೆ. ಯಾವ ಠಾಣೆ ಎಂಬುದು ಬೇಡ. ಹೆಡ್ ಕಾನ್‌ಸ್ಟೆಬಲ್ ಪುಸ್ತಕ ತೆರೆಯುವ ಮೊದಲು ಕೇಳಿದ್ದು, "ಯಾವ ಸಮಾಜದವ್ರ್ರೀ?" ಹೇಳಿದೆ. ಅಷ್ಟರಲ್ಲಿ ನಾನು ಹಚ್ಚಿಸಿದ್ದ ಫೋನೂ ಬಂತು. ಕುರ್ಚಿ ಬಂತು, ಚಹಾ ಬಂತು. ಗೋಡೆಯ ಕಡೆಯ ಬೆಂಚಿನ ಮೇಲೆ ಔರಾದ್ ಕಡೆಯ ಒಬ್ಬ ರೈತ ಕೂತಿದ್ದ, ಮುಸ್ಲಿಂ, ನನ್ನದೇ ವಯಸ್ಸು. ಅವನ ಮಾವನ ಹೊಲ ಈ ಠಾಣೆಯ ಸರಹದ್ದಿನಲ್ಲಿತ್ತು, ಅಲ್ಲಿಂದ ಅವನದೂ ಮೋಟಾರೇ ಹೋಗಿತ್ತು. ಬೆಳಿಗ್ಗೆ ಎಂಟಕ್ಕೆ ಬಂದವನಂತೆ. ನಾನು ಬಂದದ್ದು ಹನ್ನೊಂದಕ್ಕೆ. ಹನ್ನೊಂದೂವರೆಗೆ ನನ್ನ ಕೈಯಲ್ಲಿ ಶಿಕ್ಕಾ ಬಿದ್ದ ಸ್ವೀಕೃತಿ ಇತ್ತು. ಹೊರಗೆ ಬರುವಾಗ ಅವನ ಕಡೆ ನೋಡಲಿಲ್ಲ. ಅವತ್ತು ನನಗೆ ಖುಷಿಯೇ ಆಗಿತ್ತು, ಮನೆಗೆ ಬಂದು ಹೆಂಡತಿಗೆ ಚಹಾ ಕುಡಿಸಿದರು ಎಂದು ಹೆಮ್ಮೆಯಿಂದ ಹೇಳಿದ್ದೆ.

ಈ ಹಾಳೆ ಹಿಡಿದು ಔರಾದಿಗೆ ಹೋದಾಗ ಅವನ ಊರನ್ನು ಹುಡುಕಿಕೊಂಡು ಹೋದೆ. ಹೊಲದಲ್ಲಿ ಸಿಕ್ಕ. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು, ಆಮೇಲೆ ಹಿಡಿದ. ಹಾಳೆಯ ವಿಷಯ ಎತ್ತುವ ಮೊದಲೇ ಅವನೇ ಕೇಳಿದ.

"ನಿಮ್ ಮೋಟಾರ್ ಸಿಕ್ತೇನ್ರಿ?"

"ಇಲ್ರಿ. ನಿಮ್ದು?"

"ಇಲ್ಲ."

ಟವೆಲ್ಲಿಗೆ ಕೈ ಒರೆಸಿಕೊಂಡು, ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು, ನಾಲ್ಕನೆಯ ಸಾಲನ್ನು ಎರಡು ಸಲ ಓದಿ ಸಹಿ ಮಾಡಿದ.